ಕೋಕಿಲಾ ಮಿಸ್ ಕಟ್ಟಿಸಿದ ಗೊಂಬೆ ಮಂಟಪ

ಮಲ್ಲೇಶ್ವರದ ಹದಿನೇಳನೇ ಕ್ರಾಸಿನಲ್ಲಿ ಕೋಕಿಲಾ ಮಿಸ್ ನಡೆದು ಬಂದರೆ ಈಗಲೂ ಕೆಲವು ಗಂಡಸರು ಸ್ಕೂಟರಿನ ವೇಗ ತಗ್ಗಿಸುತ್ತಾರೆ. ಐವತ್ತು ದಾಟಿ, ನೆತ್ತಿ ಬೋಳಾಗಿ, ಮಗನಿಗೆ ಹೆಣ್ಣು ನೋಡುವ ವಯಸ್ಸಿಗೆ ಬಂದವರು. ಆದರೂ ಆಕೆಯನ್ನು ಕಂಡ ಕೂಡಲೇ ಒಂದು ಕೈ ತಾನಾಗಿ ಕಾಲರ್ ಸರಿಮಾಡಿಕೊಳ್ಳಲು ಹೋಗುತ್ತದೆ. ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಗಣಿತ ಕಲಿಸಿದವರು ಕೋಕಿಲಾ. ಬೆತ್ತ ಹಿಡಿದವರಲ್ಲ. ಕನ್ನಡಕದ ಮೇಲಿಂದ ಒಂದು ನೋಟ, "ಹೂಂ?" ಎಂಬ ಒಂದು ಸದ್ದು, ಅಷ್ಟರಲ್ಲಿ ಹಿಂದಿನ ಬೆಂಚಿನವರಿಗೂ ಹತ್ತೊಂಬತ್ತರ ಮಗ್ಗಿ ಜ್ಞಾಪಕಕ್ಕೆ ಬರುತ್ತಿತ್ತು.

ಅಂಥ ಕೋಕಿಲಾ ಮಿಸ್‌ಗೆ ಒಂದು ಗುಟ್ಟಿತ್ತು. ಕಟ್ಟಿಕೊಂಡ ಗಂಡನಿಗೂ ಹೇಳದೆ ಮೂವತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಗುಟ್ಟು.

ಅದು ಶುರುವಾದದ್ದು ಎಂಬತ್ತೆಂಟನೇ ಇಸವಿಯಲ್ಲಿ. ಎಂಟನೇ ಕ್ರಾಸಿನ ಒಂದು ಸಂದಿಯೊಳಗೆ ವಿಡಿಯೋ ಗೇಮ್ ಪಾರ್ಲರ್ ಒಂದು ತೆರೆದಿತ್ತು. ಕತ್ತಲೆ ಕೋಣೆ, ಆಳೆತ್ತರದ ಆರು ಪೆಟ್ಟಿಗೆ, ಪ್ರತಿ ಪೆಟ್ಟಿಗೆಗೊಂದು ಟೀವಿ, ಒಂದು ಕೋಲು, ನಾಲ್ಕಾರು ಗುಂಡಿ. ಒಂದು ರೂಪಾಯಿ ಹಾಕಿದರೆ ಒಂದು ಆಟ. ಹುಡುಗರು ಕ್ಲಾಸು ತಪ್ಪಿಸಿ ಅಲ್ಲಿಗೆ ಓಡುತ್ತಾರೆಂದು ಹೆಡ್‌ಮಾಸ್ಟರಿಗೆ ದೂರು ಬಂತು. ಸ್ಟಾಫಿನಲ್ಲಿ ಎಲ್ಲರಿಗಿಂತ ಚಿಕ್ಕವರಾದ ಕೋಕಿಲಾ ಮಿಸ್‌ಗೆ ಹೋಗಿ ಹಿಡಿದು ತರುವ ಕೆಲಸ ಬಿತ್ತು. ಹೋದರು. ಒಂಬತ್ತನೇ ಕ್ಲಾಸಿನ ರವಿಕುಮಾರ್ ಸಿಕ್ಕಿಬಿದ್ದ. ಕಿವಿ ಹಿಡಿದು ಎಳೆದಾಗ ಅವನು ಅತ್ತದ್ದು ನೋವಿಗಲ್ಲ.

"ಮಿಸ್, ಮಿಸ್, ಇನ್ನೂ ಒಂದು ಲೈಫ್ ಇದೆ ಮಿಸ್! ವೇಸ್ಟ್ ಆಗೋಗತ್ತೆ!"

ವೇಸ್ಟ್ ಎನ್ನುವುದು ಕೋಕಿಲಾ ಮಿಸ್‌ಗೆ ಹುಟ್ಟಿನಿಂದಲೇ ಆಗದ ಮಾತು. ಸವೆದ ಸೀಮೆಸುಣ್ಣದ ಚೂರನ್ನೂ ಡಬ್ಬಿಯಲ್ಲಿಡುವವರು. "ಸುಮ್ನೆ ನಿಂತ್ಕೋ" ಎಂದು ಅವನನ್ನು ಪಕ್ಕಕ್ಕೆ ಸರಿಸಿ, ಸೆರಗು ಸಿಕ್ಕಿಸಿ, ತಾವೇ ಕೋಲು ಹಿಡಿದರು. ಪರದೆಯ ಮೇಲಿಂದ ಬಣ್ಣಬಣ್ಣದ ಹುಳುಗಳು ಸಾಲುಗಟ್ಟಿ ಇಳಿಯುತ್ತಿದ್ದವು; ಕೆಳಗೆ ಗುಬ್ಬಚ್ಚಿಯಷ್ಟು ಒಂದು ಹಡಗು ಅವುಗಳಿಗೆ ಗುಂಡು ಹೊಡೆಯಬೇಕು. ಹತ್ತು ಸೆಕೆಂಡಿನಲ್ಲಿ ಹಡಗು ಪುಡಿಯಾಯಿತು.

ಕೋಕಿಲಾ ಮಿಸ್ ಪರದೆಯನ್ನೇ ನೋಡುತ್ತ ನಿಂತರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ನಿನ್ನ ಹತ್ರ ಇನ್ನೊಂದು ರೂಪಾಯಿ ಇದೆಯೇನೋ?"

ಇತ್ತು. ಎರಡಿದ್ದವು. "ಮಿಸ್, ಮೂಲೇಲಿ ನಿಲ್ಬೇಡಿ, ಅಲ್ಲೇ ಸಿಕ್ಕಾಕೋತೀರ" ಎಂದು ರವಿಕುಮಾರ್ ಕೆಂಪಾದ ಕಿವಿ ಉಜ್ಜಿಕೊಳ್ಳುತ್ತಲೇ ಪಾಠ ಹೇಳಿಕೊಟ್ಟ. ಸ್ಕೂಲಿಗೆ ವಾಪಸಾಗುವ ದಾರಿಯಲ್ಲಿ ಇಬ್ಬರಿಗೂ ಒಂದು ಒಪ್ಪಂದವಾಯಿತು. ಅವನು ಅಲ್ಲಿದ್ದ ಸಂಗತಿ ಅವನ ಅಪ್ಪನಿಗೆ ಗೊತ್ತಾಗುವುದಿಲ್ಲ. ಅವರು ಆಡಿದ ಸಂಗತಿ ಹೆಡ್‌ಮಾಸ್ಟರಿಗೆ ಗೊತ್ತಾಗುವುದಿಲ್ಲ.

ಅಲ್ಲಿಂದ ಮುಂದೆ ಪ್ರತಿ ಶನಿವಾರ ಅರ್ಧ ದಿನದ ಸ್ಕೂಲು ಮುಗಿದ ಮೇಲೆ ಕೋಕಿಲಾ ಮಿಸ್ ಪಾರ್ಲರಿನ "ಇನ್‌ಸ್ಪೆಕ್ಷನ್ನಿಗೆ" ಹೋಗತೊಡಗಿದರು. ಮಿಸ್ ಬರುತ್ತಾರೆಂದು ಹೆದರಿ ಶನಿವಾರ ಒಬ್ಬ ಹುಡುಗನೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ಆರೂ ಪೆಟ್ಟಿಗೆ ಖಾಲಿ. ವಾರ್ಷಿಕೋತ್ಸವದಲ್ಲಿ ಹೆಡ್‌ಮಾಸ್ಟರು ಅವರ ಕರ್ತವ್ಯನಿಷ್ಠೆಯನ್ನು ಹೊಗಳಿ ಒಂದು ಸ್ಟೀಲ್ ಕೊಡವನ್ನೂ ಕೊಟ್ಟರು. ಐದು ವರ್ಷ ಹೀಗೆ ನಡೆಯಿತು. ತೊಂಬತ್ತಮೂರರಲ್ಲಿ ಪಾರ್ಲರ್ ಮುಚ್ಚಿ ಅಲ್ಲಿ ಸೀರೆಗೆ ಫಾಲ್ ಹಾಕುವ ಅಂಗಡಿ ಬಂತು. ಆ ವಾರ ಮಿಸ್ ವಿನಾಕಾರಣ ಇಡೀ ಹತ್ತನೇ ಕ್ಲಾಸಿಗೆ ಇಂಪೊಸಿಷನ್ ಬರೆಸಿದ್ದರಂತೆ.

ಈಗ ಕೋಕಿಲಾ ಮಿಸ್‌ಗೆ ಅರವತ್ನಾಲ್ಕು. ಗಂಡ ಮಧುಸೂದನ್ ವಿಮಾ ಕಚೇರಿಯಿಂದ ನಿವೃತ್ತರಾದವರು, ಕ್ರಾಸಿನ ನಿವಾಸಿಗಳ ಸಂಘದ ಅಧ್ಯಕ್ಷರು. ನಿವೃತ್ತರಾದ ಮೇಲೆ ಅವರಿಗೆ ಒಂದು ಹುರುಪು ಹತ್ತಿತ್ತು: ಮಕ್ಕಳನ್ನು ಮೊಬೈಲಿನಿಂದ ಬಿಡಿಸುವುದು. "ಪರದೆ ಬಿಡಿ, ಪುಸ್ತಕ ಹಿಡಿ" ಎಂದು ಬ್ಯಾನರ್ ಮಾಡಿಸಿದರು, ಕರಪತ್ರ ಹಂಚಿದರು, ಎದುರು ಮನೆಯ ದಾಕ್ಷಾಯಣಮ್ಮನವರನ್ನು ಖಜಾಂಚಿ ಮಾಡಿದರು. ದಾಕ್ಷಾಯಣಮ್ಮ ಎಪ್ಪತ್ತು ದಾಟಿದ ಹೆಂಗಸು, ಮಾತಿನಲ್ಲಿ ಮೆಣಸಿನಕಾಯಿ. ಇವರ ಮನೆಯ ಇನ್ನೊಂದು ಬೀಗದಕೈ ಅವರ ಹತ್ತಿರವೇ ಇರುತ್ತಿತ್ತು. ಅಭಿಯಾನಕ್ಕೆ ಗೌರವ ಸಲಹೆಗಾರರು ಯಾರೆಂದರೆ, ಮತ್ಯಾರು, ಕೋಕಿಲಾ ಮಿಸ್.

ಕಳೆದ ಜೂನಿನಲ್ಲಿ ಮಿಸ್ ತಮ್ಮ ಹಳೇ ಕಂಪ್ಯೂಟರನ್ನು ಮಾರೋಣವೆಂದು ಆಟೋದಲ್ಲಿ ಹಾಕಿಕೊಂಡು ಎಸ್.ಪಿ. ರೋಡಿಗೆ ಹೋದರು. ಹತ್ತಡಿ ಅಗಲದ ಒಂದು ಅಂಗಡಿಯ ಒಳಗಿಂದ ನರೆತ ಮೀಸೆಯ ದಪ್ಪ ಮನುಷ್ಯನೊಬ್ಬ ಧಡಕ್ಕನೆ ಎದ್ದು ನಿಂತ.

"ಗುಡ್ ಮಾರ್ನಿಂಗ್ ಮಿಸ್!"

ರವಿಕುಮಾರ್. ಕಿವಿಯಿಂದಲೇ ಗುರುತು ಹಿಡಿದರು ಮಿಸ್. ಅವನು ಸ್ಟೂಲು ಹಾಕಿದ, ಕಾಫಿ ತರಿಸಿದ. ಅಂಗಡಿಯ ಮೂಲೆಯಲ್ಲಿ ಯಾರೋ ಗಿರಾಕಿಗಾಗಿ ಪರೀಕ್ಷೆ ಮಾಡುತ್ತಿದ್ದ ಒಂದು ಪರದೆ ಇತ್ತು. ಅದರಿಂದ ಒಂದು ಸದ್ದು ಬಂತು. ಟುಯ್, ಟುಯ್, ಟುಯ್. ಮಿಸ್ ಕಾಫಿಯ ಲೋಟ ಕೆಳಗಿಟ್ಟರು.

"ಅದೇ ಗೇಮ್ ಮಿಸ್" ಎಂದ ರವಿಕುಮಾರ್ ನಗು ತಡೆದುಕೊಂಡು. "ಈಗ ಹಳೇ ಗೇಮ್ ಎಲ್ಲಾ ಕಂಪ್ಯೂಟರಲ್ಲೇ ಓಡತ್ತೆ. ಶೋಕಿಯವರು ಮನೇಲಿ ಥೇಟ್ ಪಾರ್ಲರ್ ಥರದ್ದೇ ಪೆಟ್ಟಿಗೆ ಮಾಡಿಸ್ಕೋತಾರೆ. ರೆಡಿ ತಗೊಂಡ್ರೆ ಲಕ್ಷ ಆಗತ್ತೆ."

"ನಾವೇ ಕಟ್ಟಿದ್ರೆ?"

ರವಿಕುಮಾರ್ ಬಾಯಿ ಅರ್ಧ ತೆರೆದು ಅವರನ್ನೇ ನೋಡಿದ. ಮಿಸ್ ಕನ್ನಡಕದ ಮೇಲಿಂದ ನೋಡಿದರು. "ಹೂಂ?"

"ಮರದ ಕೆಲಸ ನಿಮ್ದಾದ್ರೆ ಹತ್ತು ಸಾವಿರ ಮಿಸ್."

"ಎಂಟು."

"ಸರಿ ಮಿಸ್. ಹಾಗಾದ್ರೆ ಈ ಕಂಪ್ಯೂಟರ್ ಮಾರ್ಬೇಡಿ. ಹಳೇ ಗೇಮಿಗೆ ಇದೇ ಧಾರಾಳ. ಚೌಕದ ಮಾನಿಟರ್ ಒಂದು ನನ್ ಹತ್ರ ಬಿದ್ದಿದೆ, ಯಾರೂ ಕೇಳಲ್ಲ. ಕೋಲು, ಗುಂಡಿ, ಆಮೇಲೆ ಒಂದು ಚಿಕ್ಕ ಬೋರ್ಡು, ಇಷ್ಟೇ ಹೊಸದು."

"ಆ ಬೋರ್ಡು ಏನ್ ಮಾಡತ್ತೆ?"

"ಈ ಗುಂಡಿಗಳೆಲ್ಲ ಕೀಬೋರ್ಡೇ ಅಂತ ಕಂಪ್ಯೂಟರಿಗೆ ಸುಳ್ಳು ಹೇಳತ್ತೆ ಮಿಸ್."

ಆ ಬೋರ್ಡಿನ ಮೇಲೆ ಕೋಕಿಲಾ ಮಿಸ್‌ಗೆ ಅಲ್ಲೇ ಪ್ರೀತಿ ಹುಟ್ಟಿತು.

ಮನೆಯಲ್ಲಿ ಸುಳ್ಳು ಹೇಳುವ ಬೋರ್ಡಿನ ಕೆಲಸವನ್ನು ಮಿಸ್ ತಾವೇ ವಹಿಸಿಕೊಂಡರು. "ರೀ, ಈ ಸಲ ದಸರಾಕ್ಕೆ ಗೊಂಬೆ ಕೂರ್ಸೋಕೆ ಒಂದು ಮಂಟಪ ಮಾಡಿಸ್ತೀನಿ. ಟ್ಯೂಷನ್ ರೂಮಲ್ಲಿ. ಮುಗಿಯೋ ತನಕ ನೀವು ನೋಡ್ಬಾರ್ದು." ಮಧುಸೂದನ್‌ರಿಗೆ ಸೀಮೆಸುಣ್ಣದ ಪುಡಿಯಿಂದ ಸೀನು ಬರುತ್ತಿತ್ತು; ಹೊರಬಾಗಿಲು ಬೇರೆ ಇದ್ದ ಆ ಟ್ಯೂಷನ್ ರೂಮಿನೊಳಗೆ ಅವರು ಹೋಗಿ ಇಪ್ಪತ್ತು ವರ್ಷವಾಗಿತ್ತು. "ಮಾಡ್ಸು ಮಾಡ್ಸು. ಟೀವಿ ನೋಡೋದಕ್ಕಿಂತ ಸಂಸ್ಕೃತಿ ಒಳ್ಳೇದು" ಎಂದು ಆಶೀರ್ವದಿಸಿ ಕರಪತ್ರ ತಿದ್ದಲು ಕೂತರು.

ಹಲಗೆಗೆ ದುಡ್ಡು ಹಾಕುವ ಮಾತೇ ಇರಲಿಲ್ಲ. ಟ್ಯೂಷನ್ ರೂಮಿನ ಗೋಡೆಯ ಮೇಲೆ ಆರಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ಡಿನ ಕರಿಹಲಗೆ ಇತ್ತು. ಉದ್ದಕ್ಕೆ ಎರಡು ಹೋಳು ಮಾಡಿದರೆ ಪೆಟ್ಟಿಗೆಯ ಎರಡು ಪಕ್ಕಗಳು, ಬಣ್ಣ ಬಳಿಯುವ ಖರ್ಚೂ ಇಲ್ಲ. ಮುಂಭಾಗಕ್ಕೆ ಅಟ್ಟದ ಮೇಲಿದ್ದ ಹಳೇ ಶೋಕೇಸಿನ ಬಾಗಿಲು. ಕೆಲಸಕ್ಕೆ ಬಂದವರು ಮಂಜುನಾಥಾಚಾರ್ರು, ಸುತ್ತಲಿನ ಅರ್ಧ ಮನೆಗಳ ದೇವರ ಮಂಟಪ ಮಾಡಿದ ಕೈ. ಗರಗಸ ಹಿಡಿದು ಕರಿಹಲಗೆಯ ಮುಂದೆ ನಿಂತವರು ಕೈ ಎತ್ತಲೇ ಇಲ್ಲ.

"ಅಮ್ಮಾ, ಇದು ಸರಸ್ವತಿ. ಹೆಂಗ್ ಕುಯ್ಯದು?"

"ಸರಸ್ವತಿ ನಿಂತು ನಿಂತು ಸುಸ್ತಾಗಿದಾಳೆ ಆಚಾರ್ರೇ. ಸ್ವಲ್ಪ ಕೂತ್ಕೊಳ್ಲಿ."

ಅಂತೂ ಕುಯ್ದರು. ಎದೆಮಟ್ಟಕ್ಕಿಂತ ಕೊಂಚ ಕೆಳಗೆ ಮುಂದಕ್ಕೆ ಚಾಚಿದ ಒಂದು ಓರೆ ಹಲಗೆ ಬೇಕೆಂದು ಮಿಸ್ ಚಿತ್ರ ಬರೆದು ಕೊಟ್ಟಿದ್ದರು. ಅದರ ಮೇಲೆ ಎಡಕ್ಕೊಂದು ತೂತು, ಬಲಕ್ಕೆ ಎಂಟು ತೂತು, ಒಂದೊಂದೂ ಹತ್ತು ರೂಪಾಯಿ ನಾಣ್ಯಕ್ಕಿಂತ ಕೂದಲೆಳೆಯಷ್ಟು ದೊಡ್ಡದು. ಆಚಾರ್ರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮಂಟಪಕ್ಕೆ ತೂತು ಯಾಕಮ್ಮಾ?"

"ಎಡಗಡೇದು ಊದುಬತ್ತಿಗೆ."

"ಇವು ಎಂಟು?"

ಆರು ಗುಂಡಿ ಆಟಕ್ಕೆ, ಒಂದು ಶುರು ಮಾಡಲಿಕ್ಕೆ, ಇನ್ನೊಂದು ನಾಣ್ಯ ಹಾಕಿದಂತೆ ನಟಿಸಲಿಕ್ಕೆ. ಅದನ್ನು ಹೇಳುವ ಹಾಗಿರಲಿಲ್ಲ. ಮಿಸ್ ನಿರಾಳವಾಗಿ ಹೇಳಿದರು: "ಅಷ್ಟಲಕ್ಷ್ಮಿ."

ಆಚಾರ್ರ ಮುಖ ಅರಳಿಹೋಯಿತು. ಅಷ್ಟಲಕ್ಷ್ಮಿ ಎಂದಮೇಲೆ ಕೆಲಸದ ಗತ್ತೇ ಬೇರೆಯಾಯಿತು. ಕೇಳದಿದ್ದರೂ ಪೆಟ್ಟಿಗೆಯ ನೆತ್ತಿಗೆ ಎಂಟು ದಳದ ಒಂದು ಕಮಲ ಕೆತ್ತಿದರು, ಎರಡೂ ಬದಿಗೆ ಒಂದೊಂದು ನವಿಲು ಕೂರಿಸಿದರು. ಬೇಡವೆಂದರೆ ಅನುಮಾನ ಬರುತ್ತದೆ. ಹೆಚ್ಚಿನ ಕೂಲಿಯನ್ನೂ ಅವರು ಕೇಳಲಿಲ್ಲ. ಮಿಸ್ ಸುಮ್ಮನಿದ್ದರು.

ರವಿಕುಮಾರ್ ಎರಡು ಮಧ್ಯಾಹ್ನ ಬಂದು ತಂತಿ ಜೋಡಿಸಿದ. ಮಧುಸೂದನ್‌ರಿಗೆ ಅವನು "ಸೀರಿಯಲ್ ಲೈಟ್ ಹಾಕೋ ಹಳೇ ಸ್ಟೂಡೆಂಟು". ಸದ್ದಿಗೆ ಮನೆಯ ಕೆಟ್ಟ ಟೇಪ್ ರೆಕಾರ್ಡರಿನ ಸ್ಪೀಕರ್ ಕಿತ್ತರು. ಮಾನಿಟರಿನ ಅಂಚು ಮುಚ್ಚಲು ಕಪ್ಪು ಚಾರ್ಟ್ ಪೇಪರ್. ಮೊದಲ ಸಲ ಸ್ವಿಚ್ ಹಾಕಿದಾಗ ಮಿಸ್ ಕೋಲನ್ನು ಎಡಕ್ಕೆ ತಳ್ಳಿದರೆ ಹಡಗು ಬಲಕ್ಕೆ ಓಡಿತು, ಮೇಲಕ್ಕೆ ತಳ್ಳಿದರೆ ಗುಂಡು ಹಾರಿತು. ರವಿಕುಮಾರ್ ತಲೆ ಕೆರೆದುಕೊಂಡ. ಮಿಸ್ ಸೀಮೆಸುಣ್ಣ ತೆಗೆದು ಪೆಟ್ಟಿಗೆಯ ಪಕ್ಕದ ಮೇಲೇ, ಅದು ಹೇಗಿದ್ದರೂ ಕರಿಹಲಗೆಯಲ್ಲವೇ, ಯಾವ ತಂತಿ ಎಲ್ಲಿಗೆಂದು ಪಟ್ಟಿ ಬರೆದು, ಅದಲುಬದಲಾದ ನಾಲ್ಕನ್ನು ಗುರುತು ಹಾಕಿ ತೋರಿಸಿದರು.

"ಒಂಬತ್ತನೇ ಕ್ಲಾಸಲ್ಲೂ ನೀನು ಎಡ ಬಲ ತಪ್ಪಿಸ್ತಿದ್ದೆ ಕಣೋ."

"ಹೌದು ಮಿಸ್."

ಮತ್ತೆ ಸ್ವಿಚ್ ಹಾಕಿದರು. ಹುಳುಗಳು ಇಳಿದವು. ಹಡಗು ಹೇಳಿದ ಕಡೆ ಹೋಯಿತು. ಟುಯ್, ಟುಯ್, ಟುಯ್. ಮೂರು ಆಟ ಮುಗಿಯುವ ತನಕ ರವಿಕುಮಾರ್ ಪಕ್ಕದಲ್ಲೇ ನಿಂತಿದ್ದ; ಮಿಸ್ ಅವನಿದ್ದಾನೆ ಎನ್ನುವುದನ್ನೇ ಮರೆತಿದ್ದರು. ನಾಲ್ಕನೆಯದಕ್ಕೆ ಗುಂಡಿ ಒತ್ತುವಾಗ ಕೆನ್ನೆ ಒದ್ದೆಯಾಗಿದ್ದು ಗೊತ್ತಾಗಿ, ಪ್ಲೈವುಡ್ಡಿನ ಪುಡಿ ಕಣ್ಣಿಗೆ ಬಿತ್ತೆಂದು ಆಚಾರ್ರನ್ನು ಬೈದರು. ಆಚಾರ್ರು ಬಂದು ಹೋಗಿ ನಾಲ್ಕು ದಿನವಾಗಿತ್ತು.

ದಸರಾ ಬಂತು. ಪರದೆಯ ಮುಂದೆ ಜರತಾರಿ ಬಟ್ಟೆ ಇಳಿಬಿಟ್ಟು, ಮೇಲೆ ಪಟ್ಟದ ಗೊಂಬೆಗಳನ್ನು ನಿಲ್ಲಿಸಿ, ಎಂಟು ಗುಂಡಿಗಳ ಮೇಲೆ ಎಂಟು ಪುಟ್ಟ ಲಕ್ಷ್ಮಿಯರನ್ನು ಕೂರಿಸಿದರು. ಕೋಲೊಂದು ಉಳಿಯಿತು. ಅದಕ್ಕೆ ಕಾಗದದ ರಟ್ಟಿನಲ್ಲಿ ಮಾಡಿದ ಟೊಳ್ಳು ಹೊಟ್ಟೆಯ ಸೆಟ್ಟಿ ಗೊಂಬೆಯನ್ನು ಟೋಪಿಯಂತೆ ತೊಡಿಸಿಬಿಟ್ಟರು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಅಂಥ ಮಂಟಪ ಕಂಡಿರಲಿಲ್ಲ. ನವಿಲು ನೋಡಿದರು, ಕಮಲ ನೋಡಿದರು, ಫೋಟೋ ತೆಗೆದರು. ದಾಕ್ಷಾಯಣಮ್ಮ ಮಾತ್ರ ಸೆಟ್ಟಿಯ ಹೊಟ್ಟೆಗೆ ಬೆರಳಿನಿಂದ ತಿವಿದರು. ಸೆಟ್ಟಿ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ನೆಟ್ಟಗೆ ನಿಂತ.

"ಅಯ್ಯೋ, ಆಡತ್ತೆ ಕಣೇ ಇದು!"

ಇನ್ನೊಂದು ಸಲ ಜೋರಾಗಿ ತಿವಿದರು. ಈ ಸಲ ಧಾನ್ಯಲಕ್ಷ್ಮಿಗೂ ಕೈ ತಗುಲಿತು. ಮಂಟಪದ ಹೊಟ್ಟೆಯೊಳಗಿಂದ "ಟಿಣ್!" ಎಂದು ನಾಣ್ಯ ಬಿದ್ದ ಸದ್ದಾಯಿತು. ಬೆಳಿಗ್ಗೆ ಒಂದು ಆಟ ಆಡಿ ಸ್ವಿಚ್ ತೆಗೆಯುವುದನ್ನು ಮಿಸ್ ಮರೆತಿದ್ದರು.

ಹೆಂಗಸರೆಲ್ಲ ಒಟ್ಟಿಗೆ ಮಂಟಪದ ಕಡೆ ತಿರುಗಿದರು.

"ಧಾನ್ಯಲಕ್ಷ್ಮಿ ಪ್ರಸನ್ನಳಾದ್ಲು" ಎಂದರು ಕೋಕಿಲಾ ಮಿಸ್, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಈಗಿನ ಸೀರಿಯಲ್ ಸೆಟ್‌ಗಳಲ್ಲಿ ಸದ್ದೂ ಬರತ್ತೆ. ತಗೊಳ್ಳಿ, ಕೋಸಂಬರಿ ತಗೊಳ್ಳಿ."

ಉಳಿದವರು ಕೈಮುಗಿದರು. ದಾಕ್ಷಾಯಣಮ್ಮ ಕೋಸಂಬರಿ ತಿನ್ನುತ್ತ ಮಂಟಪದ ಹಿಂಬದಿಯಿಂದ ಗೋಡೆಯ ಪ್ಲಗ್ಗಿಗೆ ಹೋಗಿದ್ದ ದಪ್ಪ ವೈರನ್ನೇ ನೋಡುತ್ತಿದ್ದರು.

ಹಬ್ಬ ಮುಗಿದು ಗೊಂಬೆಗಳು ಪೆಟ್ಟಿಗೆ ಸೇರಿದವು. ಮಂಟಪ ಅಲ್ಲೇ ನಿಂತಿತು. ಗಂಡ ಬೆಳಗಿನ ವಾಕಿಂಗಿಗೆ ಹೋದಾಗ ಒಂದು ಆಟ, ಮಧ್ಯಾಹ್ನ ಅವರು ಮಲಗಿದಾಗ ಸದ್ದು ತಗ್ಗಿಸಿ ಎರಡು. ಆಟದ ಕೊನೆಗೆ ಅತಿ ಹೆಚ್ಚು ಅಂಕ ಪಡೆದವರ ಪಟ್ಟಿ ಬರುತ್ತದೆ. ಗೆದ್ದವರು ಕೋಲು ತಿರುಗಿಸಿ ಮೂರು ಇಂಗ್ಲಿಷ್ ಅಕ್ಷರದ ಹೆಸರು ಆರಿಸಿಕೊಳ್ಳಬೇಕು. ಪಟ್ಟಿ ತುಂಬ ಮೇಲಿಂದ ಕೆಳತನಕ "ಕೆ ಓ ಕೆ" ಎಂದೇ ಇತ್ತು. ಮೊದಲ ಸ್ಥಾನ ಅರವತ್ತನಾಲ್ಕು ಸಾವಿರ, ತಮ್ಮ ವಯಸ್ಸಿಗೆ ತಕ್ಕಂತೆ.

ಅಕ್ಟೋಬರಿನ ಕೊನೆಯ ವಾರ ಒಂದು ಬೆಳಿಗ್ಗೆ ಸ್ವಿಚ್ ಹಾಕಿದವರು ಕಲ್ಲಾಗಿ ನಿಂತರು. ಪಟ್ಟಿಯ ತುದಿಯಲ್ಲಿ ಎಂಬತ್ತೆರಡು ಸಾವಿರ. ಹೆಸರಿನ ಜಾಗದಲ್ಲಿ "ಎ ಎ ಎ". ಕಟ್ಟಕಡೆಯ ಸಾಲಿನಲ್ಲೂ "ಎ ಎ ಎ", ಬರೀ ಐದು ಸಾವಿರ.

ಯಾರೋ ಕದ್ದು ಆಡಿದ್ದರು. ಅಕ್ಷರ ಆರಿಸುವುದು ಗೊತ್ತಿಲ್ಲದವರು, ಇಲ್ಲವೇ ಹೆಸರು ಹೇಳಲು ಇಷ್ಟವಿಲ್ಲದವರು. ಗುಟ್ಟು ಬಯಲಾಗಿದೆ ಎಂಬ ಭಯ ಮಿಸ್‌ಗೆ ಬಂದದ್ದು ಆಮೇಲೆ. ಮೊದಲು ಬಂದದ್ದು ಸಿಟ್ಟು. ಎಂಬತ್ತೆರಡು ಸಾವಿರ! ತಾವು ಐದು ವರ್ಷ ಶನಿವಾರ ಬಿಡದೆ ಸಾಧನೆ ಮಾಡಿದ ಆಟದಲ್ಲಿ!

ರವಿಕುಮಾರ್‌ಗೆ ಫೋನ್ ಮಾಡಿದರು. "ನೀನೇನೋ?" ಅವನು ಮಂತ್ರಾಲಯದಲ್ಲಿದ್ದ. ಅಲ್ಲಿಂದಲೇ ಆಣೆ ಹಾಕಿದ. ಗಂಡನ ಮೇಲೆ ಅನುಮಾನ ಪಡುವುದಕ್ಕೇ ಮನಸ್ಸು ಒಪ್ಪಲಿಲ್ಲ. ಪರದೆಯ ಹೆಸರೆತ್ತಿದರೆ ಕರಪತ್ರ ಕೈಗೆ ಕೊಡುವ ಮನುಷ್ಯ. ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ಹಿಡಿಯುತ್ತಿದ್ದ ತಲೆ ಓಡತೊಡಗಿತು. ಬಚ್ಚಲು ಮನೆಯಲ್ಲಿ ಬಿಳಿ ಬಟ್ಟೆಗೆ ಹಾಕುವ ನೀಲಿಪುಡಿಯ ಹಳೇ ಪೊಟ್ಟಣ ಒಂದಿತ್ತು. ಒಣಗಿರುವಾಗ ಕಪ್ಪು ಗುಂಡಿಯ ಮೇಲೆ ಅದು ಕಾಣುವುದಿಲ್ಲ. ಬೆವರಿನ ಕೈ ತಗುಲಿದರೆ ಎರಡು ದಿನ ಹೋಗುವುದಿಲ್ಲ.

ನವೆಂಬರ್ ಒಂದನೇ ತಾರೀಕು ಕ್ರಾಸಿನ ಕೊನೆಯ ಪಾರ್ಕಿನಲ್ಲಿ ರಾಜ್ಯೋತ್ಸವ. ಅಂದೇ "ಪರದೆ ಬಿಡಿ" ಪ್ರತಿಜ್ಞೆ. ಬೆಳಿಗ್ಗೆ ಏಳಕ್ಕೇ ಮಿಸ್ ಹತ್ತಿಯಿಂದ ಬಲಗಡೆಯ ಗುಂಡಿಗಳಿಗೆಲ್ಲ ನೀಲಿ ಸವರಿ, ಬೀದಿಗೆಲ್ಲ ಕೇಳುವಂತೆ ಕೂಗಿದರು: "ರೀ, ನಾನು ಕುರ್ಚಿ ಹಾಕ್ಸೋಕೆ ಮುಂಚೇನೇ ಹೋಗ್ತಿದೀನಿ! ನೀವು ಒಂಬತ್ತೂವರೆಗೆ ಬನ್ನಿ! ದಾಕ್ಷಾಯಣಮ್ಮನೋರೇ, ತಾಂಬೂಲದ ತಟ್ಟೆ ನಮ್ಮನೇಲೇ ಇದೆ, ನೀವು ಹೊರಡೋವಾಗ ತಗೊಂಬನ್ನಿ!"

ಹತ್ತೂವರೆಗೆ ಪಾರ್ಕು ತುಂಬಿತ್ತು. ಕೆಂಪು ಹಳದಿ ಬಾವುಟ ಹಾರಿತು, ನಾಡಗೀತೆ ಆಯಿತು. ವೇದಿಕೆಯ ಮೇಲೆ ಕೂತ ಕೋಕಿಲಾ ಮಿಸ್ ಗಂಡನನ್ನು ಗಮನಿಸುತ್ತಿದ್ದರು. ಅಧ್ಯಕ್ಷರ ಬಲಗೈ ಬಂದಾಗಿನಿಂದ ಜುಬ್ಬಾದ ಜೇಬಿನಲ್ಲಿತ್ತು. ಹಾರ ಎಡಗೈಯಲ್ಲಿ ಹಾಕಿದರು. ಮೈಕನ್ನು ಎಡಗೈಯಲ್ಲಿ ಹಿಡಿದರು. ಪಕ್ಕದಲ್ಲಿ ದಾಕ್ಷಾಯಣಮ್ಮ ಬಲಗೈಗೆ ಕರ್ಚೀಪು ಸುತ್ತಿಕೊಂಡಿದ್ದರು. "ತುರಿಯೋವಾಗ ಕೊಯ್ತು" ಎಂದು ಕೇಳದವರಿಗೂ ಹೇಳುತ್ತಿದ್ದರು.

ನಿರೂಪಣೆ ಮಾಡುತ್ತಿದ್ದ ಹುಡುಗಿ ಕೂಗಿದಳು: "ಈಗ ಎಲ್ಲರೂ ಬಲಗೈ ಮುಂದೆ ಚಾಚಿ, ಅಧ್ಯಕ್ಷರ ಜೊತೆ ಪ್ರತಿಜ್ಞೆ!"

ಎಂಬತ್ತು ಮಕ್ಕಳು ಕೈ ಚಾಚಿದರು. ಅಪ್ಪ ಅಮ್ಮಂದಿರು ಚಾಚಿದರು. ಮಧುಸೂದನ್ ಒಮ್ಮೆ ಕೆಮ್ಮಿ, ಬೇರೆ ದಾರಿ ಕಾಣದೆ ಅಂಗೈ ಕೆಳಗೆ ಮಾಡಿ ಕೈ ನೀಡಿದರು. ಪಕ್ಕದಲ್ಲಿ ಕೂತವರಿಗೆ ಅಷ್ಟೇ ಸಾಕಾಗಿತ್ತು. ಹೆಬ್ಬೆರಳಿನಿಂದ ಮಣಿಕಟ್ಟಿನ ತನಕ ಆಕಾಶನೀಲಿ. ಸೋಪು ಹಾಕಿ ತಿಕ್ಕಿದ ಗುರುತೂ ಇತ್ತು. ಕೋಕಿಲಾ ಮಿಸ್ ತುಟಿ ಕಚ್ಚಿದರು. ಅಷ್ಟರಲ್ಲಿ ಆ ಪಕ್ಕದಲ್ಲಿ ಕರ್ಚೀಪು ಜಾರಿಬಿತ್ತು. ದಾಕ್ಷಾಯಣಮ್ಮನ ಕೈ ಇನ್ನೂ ಗಾಢ ನೀಲಿ.

"ಊಟದ ಹೊತ್ತಿನಲ್ಲಿ, ಓದಿನ ಹೊತ್ತಿನಲ್ಲಿ," ಎಂದರು ಅಧ್ಯಕ್ಷರು, "ಯಾರೂ ನೋಡದ ಹೊತ್ತಿನಲ್ಲಿ ಸಹ, ನಾನು ಪರದೆ ಮುಟ್ಟುವುದಿಲ್ಲ."

ಮಿಸ್‌ಗೆ ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಭುಜ ಕುಲುಕಿತು, ಕಣ್ಣಿನಿಂದ ನೀರು ಇಳಿಯಿತು. ಮುಂದಿನ ಸಾಲಿನ ತಾಯಂದಿರು, ನೋಡಿ, ಮಕ್ಕಳ ಮೇಲೆ ಎಷ್ಟು ಅಂತಃಕರಣ ಎಂದುಕೊಂಡು ತಾವೂ ಕಣ್ಣೊರೆಸಿಕೊಂಡರು.

ಮನೆಗೆ ಬಂದ ಮೇಲೆ ಮೂವರೂ ಟ್ಯೂಷನ್ ರೂಮಿನಲ್ಲಿ ಕೂತರು. ಮಿಸ್ ಕೂತದ್ದು ತಮ್ಮ ಹಳೇ ಕುರ್ಚಿಯಲ್ಲಿ, ಉಳಿದಿಬ್ಬರು ಬೆಂಚಿನ ಮೇಲೆ.

"ಕೈ ತೋರ್ಸಿ."

ತೋರಿಸಿದರು. ಆಮೇಲೆ ಮಧುಸೂದನ್‌ರಿಗೆ ಏಕೋ ಧೈರ್ಯ ಬಂತು. "ಅಲ್ಲಾ, ಗೊಂಬೆ ಮಂಟಪದೊಳಗೆ ಕಂಪ್ಯೂಟರ್ ಯಾಕಿತ್ತು? ಅದನ್ನ ಮೊದ್ಲು ಹೇಳು. ನಾನು ಚಕ್ಕುಲಿ ಡಬ್ಬ ಹುಡುಕ್ತಾ ಅದರ ಹಿಂದಿನ ಬಾಗ್ಲು ತೆಗ್ದೆ. ಡಾಕ್ಟ್ರು ಬೇಡ ಅಂದಿದಾರೆ ಅಂತ ನೀನು ಅಲ್ಲೆಲ್ಲೋ ಬಚ್ಚಿಟ್ಟಿರ್ತೀಯ ಅಂತ."

"ನೀವು?" ಎಂದರು ಮಿಸ್, ದಾಕ್ಷಾಯಣಮ್ಮನ ಕಡೆ ತಿರುಗಿ.

"ನಾನು ಆ ಸೆಟ್ಟಿ ಕುಣಿದ ದಿನವೇ ತಿಳ್ಕೊಂಡೆ" ಎಂದರು ದಾಕ್ಷಾಯಣಮ್ಮ ಗರ್ವದಿಂದ. "ಬೀಗದಕೈ ಇತ್ತು. ಬಂದೆ. ಎಂಬತ್ತೆರಡು ಸಾವಿರ ನಂದೇ. ಅವ್ರದ್ದು ಐದು ಸಾವಿರ ಇರ್ಬೇಕು, ಪಾಪ."

"ನನಗೆ ಕನ್ನಡಕ ಸರಿ ಇಲ್ಲ" ಎಂದರು ಮಧುಸೂದನ್.

ಆಗ ಮಿಸ್ ಎಲ್ಲವನ್ನೂ ಹೇಳಿದರು. ಪಾರ್ಲರ್, ರವಿಕುಮಾರನ ಕಿವಿ, ಶನಿವಾರದ ಇನ್‌ಸ್ಪೆಕ್ಷನ್. ದಾಕ್ಷಾಯಣಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಧುಸೂದನ್ ನಗಲಿಲ್ಲ. ನೀಲಿ ಕೈಯನ್ನೇ ನೋಡುತ್ತ ಕೂತಿದ್ದರು.

"ಶನಿವಾರ ಸ್ಟಾಫ್ ಮೀಟಿಂಗ್ ಅಂತಿದ್ದೆ. ನಾನು ಹುಳಿ ಬಿಸಿ ಮಾಡ್ಕೊಂಡು ಮೂರು ಗಂಟೆ ತನಕ ಊಟಕ್ಕೆ ಕಾಯ್ತಿದ್ದೆ. ಹೊಸದಾಗಿ ಮದುವೆ ಆಗಿತ್ತು ನಮಗೆ."

ಮಿಸ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮೂವತ್ತೈದು ವರ್ಷದಲ್ಲಿ ಈ ಗುಟ್ಟಿಗೆ ಇನ್ನೊಂದು ತುದಿ ಇತ್ತೆಂದು, ಅಲ್ಲಿ ಒಬ್ಬರು ಹಸಿದು ಕೂತಿದ್ದರೆಂದು ಅವರು ಯೋಚಿಸಿಯೇ ಇರಲಿಲ್ಲ.

"ನೀವು ಬೈತೀರ ಅಂದ್ಕೊಂಡಿದ್ದೆ."

"ಬೈತಿದ್ದೆ. ಬೈದು, ಜೊತೆಗೆ ಬರ್ತಿದ್ದೆ. ನನ್ನನ್ನೂ ಕರ್ಕೊಂಡು ಹೋಗ್ಬಹುದಿತ್ತು ಕೋಕಿಲಾ."

ಮಿಸ್ ಎದ್ದು ಅಡಿಗೆ ಮನೆಗೆ ಹೋಗಿ, ಅಕ್ಕಿಡಬ್ಬದ ಹಿಂದಿದ್ದ ಚಕ್ಕುಲಿಯ ಡಬ್ಬ ತಂದು ಅವರ ಮಡಿಲಲ್ಲಿಟ್ಟರು. ಆಮೇಲೆ ಸ್ವಿಚ್ ಹಾಕಿದರು. "ಬನ್ನಿ ಇಲ್ಲಿ. ಮೂಲೇಲಿ ನಿಲ್ಬೇಡಿ, ಅಲ್ಲೇ ಸಿಕ್ಕಾಕೋತೀರ" ಎಂದು ಕೈ ಹಿಡಿದು ಹೇಳಿಕೊಟ್ಟರು. ಆ ಮಧ್ಯಾಹ್ನ ಅವರು ಹನ್ನೊಂದು ಸಾವಿರ ಮುಟ್ಟಿದರು.

ಅಲ್ಲಿಗೆ ಎಲ್ಲ ಸುಖಾಂತವಾಗಬೇಕಿತ್ತು. ಆದರೆ ಪೆಟ್ಟಿಗೆ ಒಂದು, ಆಡುವವರು ಮೂವರು. ಬೆಳಿಗ್ಗೆ ಹತ್ತಕ್ಕೆ ದಾಕ್ಷಾಯಣಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಂಡು, ಕೂರಲು ಎತ್ತರದ ಸ್ಟೂಲು ತಾವೇ ಹೊತ್ತುಕೊಂಡು ಬಂದುಬಿಡುತ್ತಿದ್ದರು. ಹನ್ನೆರಡರ ತನಕ ಏಳುತ್ತಿರಲಿಲ್ಲ. ಮಧ್ಯಾಹ್ನ ಮಲಗುತ್ತಿದ್ದ ಮಧುಸೂದನ್ ಮಲಗುವುದನ್ನೇ ಬಿಟ್ಟರು. ಸ್ವಂತ ಎಂಟು ಸಾವಿರ ಹಾಕಿ ಕಟ್ಟಿಸಿದ ಕೋಕಿಲಾ ಮಿಸ್ ಸೊಪ್ಪು ಬಿಡಿಸುತ್ತ ಬಾಗಿಲಲ್ಲಿ ಸರದಿ ಕಾಯಬೇಕಾಯಿತು. ಎರಡು ವಾರ ಸಹಿಸಿದರು.

ಮೂರನೇ ವಾರ ಸಂಘದ ಸಭೆಯಲ್ಲಿ ಗೌರವ ಸಲಹೆಗಾರರು ಎದ್ದು ನಿಂತು ಒಂದು ಸಲಹೆ ಕೊಟ್ಟರು. ಅಭಿಯಾನಕ್ಕೆ ಇಷ್ಟು ಒಳ್ಳೆಯ ಪ್ರತಿಕ್ರಿಯೆ ಬಂದಿದೆ. ಇದನ್ನು ಒಂದೇ ಕ್ರಾಸಿಗೆ ಮೀಸಲಿಡುವುದು ಅನ್ಯಾಯ. ಅಧ್ಯಕ್ಷರೂ ಖಜಾಂಚಿಯೂ ಖುದ್ದಾಗಿ ಒಂದನೇ ಕ್ರಾಸಿನಿಂದ ಹದಿನೆಂಟನೇ ಕ್ರಾಸಿನ ತನಕ ಮನೆಮನೆಗೆ ಹೋಗಿ ತಾಯಿತಂದೆಯರನ್ನು ಕಾಣಬೇಕು. ಸೋಮವಾರ, ಬುಧವಾರ, ಶುಕ್ರವಾರ. ಬೆಳಿಗ್ಗೆ ಹತ್ತರಿಂದ ಒಂದು.

ಚಪ್ಪಾಳೆ ಬಿತ್ತು. ಅಧ್ಯಕ್ಷರು ಹೆಂಡತಿಯ ಮುಖ ನೋಡಿದರು. ಖಜಾಂಚಿ "ನನ್ನ ಮಂಡಿ..." ಎಂದು ರಾಗ ಎಳೆದರು. ಮಿಸ್ ಕನ್ನಡಕದ ಮೇಲಿಂದ ನೋಡಿದರು.

ಅಭಿಯಾನ ಈಗ ಒಂಬತ್ತನೇ ಕ್ರಾಸಿನ ತನಕ ಬಂದಿದೆ. ತುಂಬ ಚೆನ್ನಾಗಿ ನಡೆಯುತ್ತಿದೆಯಂತೆ. ಕಳೆದ ಶುಕ್ರವಾರ ಹನ್ನೊಂದೂವರೆಗೆ ಕೋಕಿಲಾ ಮಿಸ್ ತೊಂಬತ್ತೊಂದು ಸಾವಿರ ಹೊಡೆದರು.